ಶ್ರುತಿಗೆ ವೆಬ್ ಆಡಿಯೋ, ತಾಳಕ್ಕೆ ಟೋನ್ ಜೆಎಸ್

ಉಡುಪಿ, ಮಂಗಳೂರು ಕಡೆ ಯಕ್ಷಗಾನ ಕಲಿಯುವವರಿಗೆ ಮೊಬೈಲ್ ಬ್ರೌಸರಿನಲ್ಲೇ ನುಡಿಯುವ ಶ್ರುತಿಪೆಟ್ಟಿಗೆ, ಜೊತೆಗೆ ತಾಳಕ್ಕೆ ಸರಿಯಾಗಿ ಚೆಂಡೆ ಪೆಟ್ಟು. ಇಷ್ಟನ್ನೇ ಮೂರು ದಾರಿಯಲ್ಲಿ ಕಟ್ಟಿ ನೋಡಿದೆವು: ನಾದ ಹುಟ್ಟಿಸಲು ಬ್ರೌಸರಿನಲ್ಲೇ ಇರುವ ವೆಬ್ ಆಡಿಯೋ ಎಪಿಐ, ಅದರ ಮೇಲೆ ಕಟ್ಟಿದ ಜಾವಾಸ್ಕ್ರಿಪ್ಟ್ ಲೈಬ್ರರಿ ಟೋನ್ ಜೆಎಸ್, ಚಿತ್ರ ಬಿಡಿಸುವ ಪಿ5 ಲೈಬ್ರರಿಯ ಜೊತೆಗಿನ ಪಿ5 ಸೌಂಡ್.

ಶ್ರುತಿಗೆ ಬರಿಯ ವೆಬ್ ಆಡಿಯೋ ಸಾಕು. ಕಲಿಯಲಿಕ್ಕೂ ಅದರಿಂದಲೇ ಶುರು ಮಾಡುವುದು ಒಳ್ಳೆಯದು. ನಾದ ಹುಟ್ಟಿಸುವ ಆಸಿಲೇಟರ್ ಎರಡು, ಧ್ವನಿ ಏರಿಳಿಸುವ ಗೇನ್ ನೋಡ್ ಒಂದು. ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಮಂದ್ರ ಷಡ್ಜ 138.59 ಹರ್ಟ್ಜ್. ಪಂಚಮ ಅದರ ಒಂದೂವರೆ ಪಟ್ಟು, ಅಂದರೆ 207.89. ಟೋನ್ ಜೆಎಸ್‌ನಲ್ಲಿ ಸ್ವರದ ಇಂಗ್ಲಿಷ್ ಹೆಸರು ಕೊಟ್ಟರೆ ಕೀಬೋರ್ಡಿನ ಲೆಕ್ಕದ 207.65 ಬರುತ್ತದೆ. ವ್ಯತ್ಯಾಸ ಕಾಲು ಹರ್ಟ್ಜ್ ಕೂಡ ಇಲ್ಲ. ಆದರೆ ಸಾಟೂತ್ (ಗರಗಸದ ಹಲ್ಲಿನ ಆಕಾರದ) ಅಲೆಯಲ್ಲಿ ಷಡ್ಜದ ಮೂರು ಪಟ್ಟಿನ ನಾದ, ಪಂಚಮದ ಎರಡು ಪಟ್ಟಿನ ನಾದ ಒಂದಕ್ಕೊಂದು ಕೂಡದೆ, ಸುಮಾರು ಎರಡು ಸೆಕೆಂಡಿಗೊಮ್ಮೆ ಧ್ವನಿ ಉಬ್ಬಿ ಇಳಿಯುತ್ತದೆ. ಶ್ರುತಿ ನಿಲ್ಲಬೇಕಾದ ಕಡೆ ಅದು ತೂಗುತ್ತದೆ. ಟೋನ್ ಬಳಸಿದರೂ ಹೆಸರು ಬಿಟ್ಟು ಸಂಖ್ಯೆಯನ್ನೇ ಕೊಡಿ.

ನಿಲ್ಲಿಸುವಾಗ ಆಸಿಲೇಟರನ್ನು ಒಮ್ಮೆಗೇ ಕಡಿದರೆ "ಟಕ್" ಎನ್ನುತ್ತದೆ, ಅಲೆ ನಡುವೆಯೇ ತುಂಡಾಗುವುದರಿಂದ. ಗೇನನ್ನು 30 ಮಿಲಿಸೆಕೆಂಡಿನಲ್ಲಿ 0.001ಕ್ಕೆ ಇಳಿಸಿ, ಆಮೇಲೆ ನಿಲ್ಲಿಸಿ. ಎಕ್ಸ್‌ಪೊನೆನ್ಷಿಯಲ್ ರ‍್ಯಾಂಪಿಗೆ (ಗೇನನ್ನು ಅನುಪಾತದ ಲೆಕ್ಕದಲ್ಲಿ ಇಳಿಸುವ ಆಜ್ಞೆಗೆ) 0 ಕೊಟ್ಟರೆ ಎರರ್ ಬರುತ್ತದೆ. ಒಮ್ಮೆ ನಿಂತ ಆಸಿಲೇಟರ್ ಮತ್ತೆ ಶುರುವಾಗುವುದಿಲ್ಲ, ಹೊಸದನ್ನೇ ಮಾಡಬೇಕು.

ತಾಳಕ್ಕೆ ಬಂದಾಗ ಟೋನ್ ಜೆಎಸ್ ಮುಂದೆ. ಸೆಟ್‌ಟೈಮೌಟ್ (ಜಾವಾಸ್ಕ್ರಿಪ್ಟಿನ ಸಾಮಾನ್ಯ ಟೈಮರ್) ನಂಬಿ ಪೆಟ್ಟು ಹಾಕಿದರೆ ಪುಟ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಾಗೆಲ್ಲ ಲಯ ಜಾರುತ್ತದೆ. ಕೈಯಾರೆ ಮಾಡುವುದಾದರೆ 25 ಮಿಲಿಸೆಕೆಂಡಿಗೊಮ್ಮೆ ಎದ್ದು, ಮುಂದಿನ 100 ಮಿಲಿಸೆಕೆಂಡಿನ ಪೆಟ್ಟುಗಳನ್ನು ಆಡಿಯೋ ಗಡಿಯಾರದ ಸಮಯಕ್ಕೆ ಮೊದಲೇ ಗೊತ್ತು ಮಾಡಿಡಬೇಕು. ಟೋನಿನ ಟ್ರಾನ್ಸ್‌ಪೋರ್ಟ್ (ಅದರ ತಾಳದ ಗಡಿಯಾರ) ಇದನ್ನು ಒಳಗೇ ಮಾಡುತ್ತದೆ. ಅದು ಕೈಗೆ ಕೊಡುವ ಸಮಯವನ್ನು ಪ್ರತಿ ಪೆಟ್ಟಿಗೂ ದಾಟಿಸಲು ಮರೆತರೆ ಮಾತ್ರ ಮತ್ತದೇ ಜಾರಾಟ. 10 ಅಕ್ಷರದ ಝಂಪೆ ತಾಳಕ್ಕೆ ಟೋನಿನ 4/4 (ನಾಲ್ಕು ನಾಲ್ಕು ಪೆಟ್ಟಿನ) ಲೆಕ್ಕಕ್ಕೆ ಜೋತುಬೀಳದೆ, ಅಕ್ಷರ ನೀವೇ ಎಣಿಸಿ 10ಕ್ಕೆ ಸೊನ್ನೆಗೆ ತಿರುಗಿಸಿ.

ಪರದೆಯನ್ನು ಬೆರಳಿನಿಂದ ಬಡಿದು ಚೆಂಡೆ ನುಡಿಸುವ ಪುಟದಲ್ಲಿ ಇದೇ ಟೋನ್ ಕೈಕೊಡುತ್ತದೆ. ಅದರ ಲುಕ್‌ಅಹೆಡ್ (ಪೆಟ್ಟನ್ನು ಮೊದಲೇ ಗೊತ್ತು ಮಾಡಿಡುವ ಅಂತರ) ತಾನಾಗಿ 0.1 ಸೆಕೆಂಡ್ ಇರುವುದರಿಂದ ಬೆರಳು ಬಿದ್ದು ಅಷ್ಟು ಹೊತ್ತಾದ ಮೇಲೆ ನಾದ. ಅಲ್ಲಿ ಅದನ್ನು 0 ಮಾಡಿ.

ಪಿ5 ಸೌಂಡ್ ಮಕ್ಕಳ ಶಿಬಿರಕ್ಕೆ ಚೆಂದ, ನಾದದ ಅಲೆ ಪರದೆಯ ಮೇಲೆ ಬೇಗ ಕಾಣುತ್ತದೆ. ಪ್ರತಿ ಚೌಕಟ್ಟಿಗೂ ಪರದೆ ಬಿಡಿಸುವ ಡ್ರಾ ಫಂಕ್ಷನ್ ಒಳಗೆ ತಾಳ ಎಣಿಸಬೇಡಿ. ಸೆಕೆಂಡಿಗೆ 60 ಚೌಕಟ್ಟು ಎಂದರೆ ಪೆಟ್ಟು ಸುಮಾರು 17 ಮಿಲಿಸೆಕೆಂಡಿನವರೆಗೆ ಆಚೀಚೆ.

ಮೂರಕ್ಕೂ ಒಂದೇ ತೊಡಕು: ಬಟನ್ ಒತ್ತುವ ತನಕ ಬ್ರೌಸರ್ ಸದ್ದು ಬಿಡುವುದಿಲ್ಲ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಚೆಂಡೆಯ ಸ್ಯಾಂಪಲ್ ಲೋಡ್ ಆಗದು, ಪೈಥಾನಿನ ಪುಟ್ಟ ಸರ್ವರ್ ಓಡಿಸಿ. ಸ್ಯಾಂಪಲ್ ವೇವ್ ಫೈಲ್ ಆಗಿರಲಿ. ಎಂಪಿ3 ಮಾಡಿದರೆ ಮುಂಭಾಗದಲ್ಲಿ ಚೂರು ಮೌನ ಸೇರಿಕೊಳ್ಳಬಹುದು, ಆಗ ಲೆಕ್ಕ ಎಷ್ಟು ಸರಿ ಇದ್ದರೂ ಪೆಟ್ಟು ತಡವಾಗಿಯೇ ಬೀಳುತ್ತದೆ.