ಕಾರಿನ ಹೊಳಪಿನ ಕಪ್ಪು ಪ್ಲಾಸ್ಟಿಕ್ಕಿಗೆ ಪಾಲಿಶ್ ಮಷಿನ್ ತಾಗಿಸಲು ಬಿಡಬೇಡಿ

ಪುಣೆಯಲ್ಲಿ ಕಾರು ಇಟ್ಟುಕೊಂಡಿರುವ ಕನ್ನಡಿಗರಲ್ಲಿ ಒಂದು ವಿನಂತಿ. ಕಾರನ್ನು ತೊಳೆದು ಪಾಲಿಶ್ ಮಾಡಿಕೊಡುವ ಡಿಟೇಲಿಂಗ್ ಅಂಗಡಿಗೆ ಕಾರು ಬಿಡುವಾಗ, ಮುಂದಿನ ಮತ್ತು ಹಿಂದಿನ ಕಿಟಕಿಗಳ ನಡುವೆ ಇರುವ, ಪಿಯಾನೋ ಬ್ಲ್ಯಾಕ್ ಎಂದು ಕರೆಯುವ ಹೊಳಪಿನ ಕಪ್ಪು ಪಟ್ಟಿಗಳಿಗೆ ಮಷಿನ್ ಹಚ್ಚಬಾರದೆಂದು ಬಾಯಲ್ಲಿ ಹೇಳಿ ಸುಮ್ಮನಾಗದೆ ಜಾಬ್ ಕಾರ್ಡಿನಲ್ಲಿ ಬರೆಸಿ. ವಾಕಡ್ ಕಡೆಯ ಒಂದು ಅಂಗಡಿಯಲ್ಲಿ ನನ್ನ ಕಾರಿನ ನಾಲ್ಕೂ ಪಟ್ಟಿಗಳು ಹಾಳಾದವು. ಹಾಳಾದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಹಣ ಸಂದಾಯವಾಗಿತ್ತು.

ಈ ಪಟ್ಟಿಗಳ ಮೇಲೆ ಗೀರು ಬೀಳುವುದು ಇಲ್ಲಿ ತೀರ ಸಾಮಾನ್ಯ. ನಮ್ಮ ಸೊಸೈಟಿಗಳಲ್ಲಿ ಬೆಳಿಗ್ಗೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲಾಗಿ ಎಲ್ಲ ಕಾರುಗಳನ್ನೂ ಒರೆಸುತ್ತಾರೆ. ಸುತ್ತಲಿನ ಕಟ್ಟಡ ಕಾಮಗಾರಿಯ ಧೂಳು ಆ ಬಟ್ಟೆಯಲ್ಲೇ ಸೇರಿಕೊಂಡು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಬರುವ ಟ್ಯಾಂಕರಿನ ಗಡಸು ನೀರು ಒಣಗಿದರೆ ಸುಣ್ಣದ ಚುಕ್ಕೆಗಳು ಬೇರೆ. ಬಿಳಿ ಅಥವಾ ಬೆಳ್ಳಿ ಬಣ್ಣದ ಬಾಗಿಲಿನ ಮೇಲೆ ಕಾಣದ ಗೀರೆಲ್ಲ ಈ ಕಪ್ಪಿನ ಮೇಲೆ ಬಿಸಿಲಿಗೆ ಜೇಡರ ಬಲೆಯಾಗಿ ಎದ್ದು ಕಾಣುವುದರಿಂದ, ಪಾಲಿಶ್ ಮಾಡಿಸೋಣ ಎನ್ನಿಸುವುದು ಸಹಜವೇ.

ಅಂಗಡಿಯ ಮೇಲ್ವಿಚಾರಕರು ವಿಜಯಪುರದ ಕಡೆಯವರು. "ಸಾಹೇಬ್ರ, ಚಿಂತಿ ಬಿಡ್ರಿ, ಕನ್ನಡಿ ಹಂಗ ಮಾಡಿ ಕೊಡ್ತೀವಿ" ಎಂದರು. ಕಪ್ಪು ಪಟ್ಟಿಗಳನ್ನು ಕೈಯಿಂದಲೇ ಉಜ್ಜಬೇಕೆಂದು ನಾನು ಕೇಳಿದ್ದೆ, ಅವರು ಒಪ್ಪಿಯೂ ಇದ್ದರು. ಸಂಜೆ ಅಂಗಡಿಯ ದೀಪಗಳ ಕೆಳಗೆ ಕಾರನ್ನು ಒಪ್ಪಿಸಿದಾಗ ಪಟ್ಟಿಗಳು ನಿಜಕ್ಕೂ ಕನ್ನಡಿಯಂತಿದ್ದವು. ಕೆಲವು ಸಲ ಶಾಂಪೂ ಹಾಕಿ ತೊಳೆದ ಮೇಲೆ, ಹಗಲಿನ ಬಿಸಿಲಿನಲ್ಲಿ, ಮಷಿನ್ ಸುತ್ತಿದ ಅರ್ಧಚಂದ್ರಾಕಾರದ ಜಾಡುಗಳು ಒಂದರ ಮೇಲೊಂದು ಮೂಡಿದವು. ಅಂಚುಗಳು ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿದ್ದವು. ಒಂದು ಕಡೆಯಂತೂ ಮೇಲ್ಮೈಯೇ ಸಣ್ಣಗೆ ಅಲೆಯೆದ್ದು, ಅದರಲ್ಲಿ ಕಾಣುವ ಪ್ರತಿಬಿಂಬ ಸೊಟ್ಟಗಾಗಿತ್ತು. ಕೈಯಿಂದ ಉಜ್ಜಿದ್ದರೆ ಹೀಗೆ ಆಗಲು ಸಾಧ್ಯವೇ ಇಲ್ಲ. ಅವರಲ್ಲಿ ಕಪಟವಿತ್ತೆಂದು ನಾನು ಹೇಳಲಾರೆ. ತಗಡಿಗೂ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸ ಅಲ್ಲಿ ಕೆಲಸ ಮಾಡುವವರಿಗೆ ತಿಳಿದಿರಲಿಲ್ಲ, ತಿಳಿಸುವವರೂ ಇರಲಿಲ್ಲ.

ಆ ವ್ಯತ್ಯಾಸ ದೊಡ್ಡದು. ಬಾಗಿಲಿನ ತಗಡು ಲೋಹವಾದ್ದರಿಂದ, ತಿರುಗುವ ಪ್ಯಾಡ್ ಹುಟ್ಟಿಸುವ ಬಿಸಿಯನ್ನು ಸುತ್ತಲೂ ಹರಡಿಬಿಡುತ್ತದೆ. ಪ್ಲಾಸ್ಟಿಕ್ ಹಾಗೆ ಹರಡುವುದಿಲ್ಲ. ಬಿಸಿಯೆಲ್ಲ ಉಜ್ಜಿದ ಜಾಗದಲ್ಲೇ ನಿಲ್ಲುತ್ತದೆ. ಈ ಪಟ್ಟಿಗಳಿಗೆ ಸಾಮಾನ್ಯವಾಗಿ ಬಳಸುವ ಅಕ್ರಿಲಿಕ್ ಮತ್ತು ಎಬಿಎಸ್ ಜಾತಿಯ ಪ್ಲಾಸ್ಟಿಕ್‌ಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತವೆ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ರೋಟರಿ ಮಷಿನ್‌ಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿ, ಗೀರು ಉಜ್ಜಿ ತೆಗೆಯುವ ಒರಟು ಪೇಸ್ಟಾದ ಕಾಂಪೌಂಡ್ ಹಚ್ಚಿ, ಬೆರಳಗಲದ ಅಂಚಿನ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲಿಸಿದರೆ ಆಗುವ ಅನಾಹುತವನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ. ಇನ್ನು "ಗೇಜ್ ಹಿಡಿದು ನೋಡಿಯೇ ಮಾಡುತ್ತೇವೆ" ಎಂಬ ಭರವಸೆಯ ವಿಷಯ. ಅಂಗಡಿಗಳಲ್ಲಿ ಸಾಮಾನ್ಯವಾಗಿರುವ ಗೇಜ್ ಬಣ್ಣದ ದಪ್ಪವನ್ನು ಕೆಳಗಿನ ಲೋಹದ ಆಧಾರದ ಮೇಲೆ ಅಳೆಯುತ್ತದೆ. ಕೆಳಗೆ ಲೋಹವೇ ಇಲ್ಲದಿದ್ದರೆ ಅದು ಏನನ್ನೂ ಅಳೆಯದು. ಅಂದರೆ ಪಟ್ಟಿಯ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಎಷ್ಟು ಉಳಿದಿದೆ ಎಂಬುದು ಉಜ್ಜುವವನಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಕೆಲವು ಕಾರುಗಳಲ್ಲಿ ಈ ಪಟ್ಟಿ ಪ್ಲಾಸ್ಟಿಕ್ ಕೂಡ ಅಲ್ಲ, ತಗಡಿನ ಮೇಲೆ ಅಂಟಿಸಿದ ಕಪ್ಪು ವಿನೈಲ್ ಫಿಲ್ಮ್. ಬಾಗಿಲು ತೆರೆದು ಅಂಚನ್ನು ಉಗುರಿನಿಂದ ಸವರಿ ನೋಡಿದರೆ ಪದರ ಗೊತ್ತಾಗುತ್ತದೆ. ಅದಕ್ಕೆ ಕಾಂಪೌಂಡಿನ ಸೋಂಕೇ ಬೇಡ.

ಮೊದಲ ದಿನದ ಹೊಳಪು ಎಲ್ಲಿಂದ ಬಂದಿತ್ತು ಎಂದರೆ, ವ್ಯಾಕ್ಸ್ ಮತ್ತು ಗ್ಲೇಜ್‌ನಿಂದ. ಇವುಗಳಲ್ಲಿನ ಎಣ್ಣೆ, ಮೇಣಗಳು ಗೀರಿನೊಳಗೆ ತುಂಬಿಕೊಂಡು ಅದನ್ನು ಮರೆಮಾಡುತ್ತವೆಯೇ ಹೊರತು ತೆಗೆಯುವುದಿಲ್ಲ. ಆದ್ದರಿಂದ ಪಾಲಿಶ್ ಮುಗಿದು ವ್ಯಾಕ್ಸ್ ಹಚ್ಚುವ ಮೊದಲು, ಹಗಲು ಹೊತ್ತಿನಲ್ಲಿ ಕಾರನ್ನು ಹೊರಗೆ ತಂದು ತೋರಿಸಬೇಕೆಂದು ಕೇಳಿ. ಒಪ್ಪದ ಅಂಗಡಿಯಲ್ಲಿ ಕೆಲಸ ಕೊಡಬೇಡಿ. ಕಾಂಪೌಂಡ್ ಮತ್ತು ವ್ಯಾಕ್ಸ್ ಪಕ್ಕದ ರಬ್ಬರಿಗೂ ತರಿತರಿಯಾದ ಕಪ್ಪು ಪ್ಲಾಸ್ಟಿಕ್ಕಿಗೂ ತಗುಲಿ ಒಣಗಿದರೆ ಬಿಳಿ ಕಲೆಯಾಗಿ ಕೂರುತ್ತದೆ ಎಂಬುದೂ ಗಮನದಲ್ಲಿರಲಿ. ಮಾಸ್ಕಿಂಗ್ ಟೇಪ್ ಹಚ್ಚದೆ ಕೆಲಸ ಶುರು ಮಾಡುವುದು ಶುದ್ಧ ಸೋಮಾರಿತನ.

ದೂರು ಕೊಟ್ಟಾಗ, ಪ್ಲಾಸ್ಟಿಕ್ ಭಾಗಗಳ ಹೊಣೆ ಮಾಲೀಕರದೇ ಎಂದು ಬಿಲ್ಲಿನ ಹಿಂಬದಿ ಅಚ್ಚಾಗಿದ್ದ ಸಾಲನ್ನು ತೋರಿಸಿದರು. ಅನಂತರ ಒಬ್ಬ ಹುಡುಗ ಥಿನ್ನರ್ ಅದ್ದಿದ ಬಟ್ಟೆ ಹಿಡಿದು ಬಂದ. ಅವನನ್ನು ಅಲ್ಲೇ ತಡೆದೆ. ಥಿನ್ನರ್, ಪೆಟ್ರೋಲ್, ಗಾಢವಾದ ಸ್ಪಿರಿಟ್ ತಾಗಿದರೆ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಕೊನೆಗೆ ಸರ್ವಿಸ್ ಸೆಂಟರಿನಲ್ಲಿ ನಾಲ್ಕೂ ಪಟ್ಟಿಗಳನ್ನು ಹೊಸದಾಗಿ ಹಾಕಿಸಬೇಕಾಯಿತು.

ಗೀರು ಸಣ್ಣದಾಗಿದ್ದರೆ ಮೆತ್ತನೆಯ ಫೋಮ್ ಪ್ಯಾಡ್, ನಯವಾದ ಫಿನಿಶಿಂಗ್ ಪಾಲಿಶ್, ನೆರಳಿನಲ್ಲಿ ತಣ್ಣಗಿರುವ ಕಾರು, ಮೊದಲು ನಾಣ್ಯದಗಲದ ಜಾಗದಲ್ಲಿ ಪರೀಕ್ಷೆ, ಇಷ್ಟರಲ್ಲೇ ಕೈಯಿಂದ ಮುಗಿಯುತ್ತದೆ. ಉಗುರಿಗೆ ಸಿಗುವಷ್ಟು ಆಳದ ಗೀರನ್ನು ಹಾಗೆಯೇ ಬಿಡುವುದು ಲೇಸು. ಪಟ್ಟಿ ಹೊಸದಿದ್ದಾಗಲೇ ಪಿಪಿಎಫ್, ಅಂದರೆ ಬಣ್ಣ ಕಾಪಾಡುವ ಪಾರದರ್ಶಕ ಫಿಲ್ಮ್, ಹಾಕಿಸಿದರೆ ಇನ್ನೂ ಒಳ್ಳೆಯದು, ಗೀರುಗಳು ಅದರ ಮೇಲೆಯೇ ನಿಲ್ಲುತ್ತವೆ. ಆದರೆ ಮೇಣದ ಪಸೆಯಿದ್ದಲ್ಲಿ ಫಿಲ್ಮ್ ಸರಿಯಾಗಿ ಅಂಟದೆ ಅಂಚು ಏಳುತ್ತದೆ. ಹಾಗಾಗಿ ಒಂದೇ ಪ್ಯಾಕೇಜಿನಲ್ಲಿ ಎರಡೂ ಇದ್ದರೆ, ಮೊದಲು ಫಿಲ್ಮ್ ಅಂಟಿಸಿ, ಆಮೇಲೆ ವ್ಯಾಕ್ಸ್ ಡಬ್ಬಿ ತೆರೆಯಲು ಹೇಳಿ.