ಕಮಾನು ಶವರ್ ಟ್ರೇ ಅಳತೆ: ಪಟ್ಟಿಯೋ, ರಟ್ಟೋ, ಕರ್ಣವೋ?

ಶವರ್ ಕೆಳಗೆ ನಿಂತು ಸ್ನಾನ ಮಾಡುವ ತಟ್ಟೆಯನ್ನು, ಅಂದರೆ ಹಳೇ ಟ್ರೇಯನ್ನು, ಹಾಗೇ ಉಳಿಸಿಕೊಂಡು ಸುತ್ತಲಿನ ಗಾಜು ಮಾತ್ರ ಬದಲಾಯಿಸುವುದಾದರೆ, ಎರಡು ಬದಿಯ ಅಳತೆ ಸಾಲದು. ಮೂಲೆಯಲ್ಲಿ ಕೂತು ಮುಂದೆ ಕಮಾನಿನಂತೆ ತಿರುಗುವ ಟ್ರೇಗೆ ಆ ಕಮಾನಿನ ತ್ರಿಜ್ಯವೂ ಬೇಕು. 900 × 900 ಮಿ.ಮೀ. ಟ್ರೇಗಳಲ್ಲಿ 550 ತ್ರಿಜ್ಯದವು ಜಾಸ್ತಿ ಸಿಗುತ್ತವೆ, 500ರವೂ ಇವೆ. 550ರ ಟ್ರೇ ಮೇಲೆ 500ರ ಗಾಜು ನಿಲ್ಲಿಸಿದರೆ ನಡುಭಾಗದಲ್ಲಿ ಅದು ಸುಮಾರು 20 ಮಿ.ಮೀ. ಹೊರಗೆ ಚಾಚುತ್ತದೆ. ನೀರು ನೇರ ನೆಲಕ್ಕೆ. ಬದಿಯ ಅಳತೆಯನ್ನು ಗೋಡೆಯ ಫ್ರೇಮಿನಲ್ಲಿ ಸ್ವಲ್ಪ ಆಚೀಚೆ ಹೊಂದಿಸಬಹುದು. ಕಮಾನನ್ನು ಮಾತ್ರ ಏನೂ ಮಾಡಲಾಗದು.

ಒಂದೇ ಟ್ರೇ ಮೇಲೆ ಬೇರೆ ಬೇರೆ ವಿಧಾನ ಹಿಡಿದು ನೋಡಿದೆ.

ಗೋಡೆಯಿಂದ ನೇರ ಅಂಚು ಎಲ್ಲಿಯವರೆಗಿದೆ ಎಂದು ಅಳೆದು, 900ರಿಂದ ಕಳೆಯುವುದು ಎಲ್ಲಕ್ಕಿಂತ ಸುಲಭ. ನಾನು ಇದನ್ನು ನಂಬುವುದಿಲ್ಲ. ಕಮಾನು ಶುರುವಾಗಿ 30 ಮಿ.ಮೀ. ಮುಂದೆ ಹೋದರೂ ಅಂಚು ಒಳಗೆ ಸರಿದಿರುವುದು 1 ಮಿ.ಮೀ.ಗಿಂತ ಕಡಿಮೆ. ಕಣ್ಣಿಗೆ ಅದು ಹೇಗೆ ಕಾಣಬೇಕು?

ಎರಡನೆಯದು ಪಟ್ಟಿ. 600 ಮಿ.ಮೀ. ಉದ್ದದ ನೇರ ಪಟ್ಟಿಯ ಎರಡೂ ತುದಿ ಕಮಾನಿನ ಹೊರ ಅಂಚಿಗೆ ತಾಗುವಂತೆ ಇಟ್ಟು, ಪಟ್ಟಿಯ ನಡುವಿನಿಂದ ಅಂಚಿಗೆ ಎಷ್ಟು ದೂರ ಎಂದು ನೋಡಬೇಕು. 89 ಬಂದರೆ ತ್ರಿಜ್ಯ 550. ಲೆಕ್ಕ ಹೀಗೆ: ಪಟ್ಟಿಯ ಉದ್ದದ ವರ್ಗವನ್ನು ಆ ದೂರದ ಎಂಟರಷ್ಟರಿಂದ ಭಾಗಿಸಿ, ದೂರದ ಅರ್ಧ ಕೂಡಿಸಿ. ಲೆಕ್ಕವೇನೋ ಸರಿ. ಆದರೆ 89ರ ಬದಲು 91 ಎಂದು ಓದಿದರೆ ಉತ್ತರ 540 ಆಗಿಬಿಡುತ್ತದೆ. ಟ್ರೇ ಅಂಚು ಉರುಟಾಗಿದ್ದರೆ ಓದುವಾಗ 2 ಮಿ.ಮೀ. ತಪ್ಪುವುದು ಸುಲಭ, ಅಲ್ವಾ?

ನನಗೆ ನಿಜಕ್ಕೂ ಹಿಡಿಸಿದ್ದು ಕರ್ಣದ ಅಳತೆ. ಗೋಡೆಗಳ ಮೂಲೆಯಿಂದ ಕಮಾನಿನ ನಟ್ಟನಡುವಿನ ಹೊರ ಅಂಚಿಗೆ ಟೇಪ್ ಹಿಡಿಯಿರಿ. 900ರ ಟ್ರೇಯಲ್ಲಿ 1045 ಬಂದರೆ ತ್ರಿಜ್ಯ 550, 1066ರ ಹತ್ತಿರ ಬಂದರೆ 500. ಇಲ್ಲಿ 1 ಮಿ.ಮೀ. ಹೆಚ್ಚುಕಮ್ಮಿಯಾದರೆ ತ್ರಿಜ್ಯದಲ್ಲಿ ಎರಡೂವರೆ ಮಿ.ಮೀ.ಯಷ್ಟೇ ವ್ಯತ್ಯಾಸ. ಬೇರೆ ಅಳತೆಯ ಟ್ರೇ ಆದರೆ ಬದಿಯನ್ನು 1.414ರಿಂದ ಗುಣಿಸಿ, ಕರ್ಣ ಕಳೆದು, ಉಳಿದದ್ದನ್ನು 0.414ರಿಂದ ಭಾಗಿಸಿ.

ಇದರ ದೊಡ್ಡ ಗುಣ ಬೇರೆಯೇ ಇದೆ. ಟ್ರೇಯ ಹಿಂದಿನ ಅಂಚು ಟೈಲ್ಸ್ ಹಿಂದೆ ಅಡಗಿರುತ್ತದೆ, ಹಾಗಾಗಿ 900ರ ಬದಿ ಟೇಪಿಗೆ 890 ಎಂದು ಸಿಗಬಹುದು. ಟೈಲ್ಸ್ ಎರಡೂ ಗೋಡೆಯಲ್ಲಿ ಒಂದೇ ದಪ್ಪ ಇದ್ದರೆ ಚಿಂತೆ ಬೇಡ. 890ಕ್ಕೆ ಕರ್ಣ 1031 ಸಿಗುತ್ತದೆ, ಲೆಕ್ಕ ಮತ್ತೆ 550ಕ್ಕೇ ಬಂದು ನಿಲ್ಲುತ್ತದೆ! ಮೂಲೆ ಮಾತ್ರ ಚೌಕವಾಗಿರಬೇಕು. ಮೂಲೆಯಿಂದ ಒಂದು ಗೋಡೆಯಲ್ಲಿ 600, ಇನ್ನೊಂದರಲ್ಲಿ 800 ಅಳೆದು ಗುರುತು ಹಾಕಿ. ನಡುವಿನ ದೂರ 1000 ಇದ್ದರೆ ಸರಿ.

ರಟ್ಟಿನ ಅಚ್ಚು ನಿಧಾನದ ಕೆಲಸ. ದೊಡ್ಡ ರಟ್ಟನ್ನು ಟ್ರೇ ಮೇಲೆ ಹಾಸಿ, ಅಲುಗದಂತೆ ಟೇಪ್ ಅಂಟಿಸಿ, ಕೆಳಗಿನಿಂದ ಅಂಚಿನ ಗುಂಟ ಪೆನ್ಸಿಲ್ ಎಳೆಯಬೇಕು. ರಟ್ಟು ಬಾಗಿದರೆ ಗೆರೆ ಕೆಡುತ್ತದೆ. ಆದರೂ ಒಂದು ಬದಿ ಉದ್ದ, ಇನ್ನೊಂದು ಗಿಡ್ಡ ಇರುವ 1200 × 800ರಂಥ ಟ್ರೇಗೆ ನಾನು ರಟ್ಟನ್ನೇ ಹಿಡಿಯುತ್ತೇನೆ, ಏಕೆಂದರೆ ಅಲ್ಲಿ ಮೇಲಿನ ಕರ್ಣದ ಲೆಕ್ಕ ನಡೆಯುವುದಿಲ್ಲ. ಅಂಥ ಟ್ರೇಗಳಲ್ಲಿ ಎಡ, ಬಲ ಎಂದು ಎರಡು ಬಗೆ. ರಟ್ಟು ತೆಗೆಯುವ ಮೊದಲೇ ಅದರ ಮೇಲೆ ‘ಮೇಲ್ಭಾಗ’ ಎಂದು ಬರೆದು, ಗೋಡೆಯ ಎರಡೂ ಬದಿ ಗುರುತಿಸಿಬಿಡಿ. ಅಚ್ಚು ಮಗುಚಿದರೆ ಎಡಗೈ ಟ್ರೇಗೆ ಬಲಗೈ ಗಾಜು ಬರುತ್ತದೆ.