ಹಳೇ ಫಿಯೆಟ್‌ಗೆ ಬೇರೆ ಗಾಡಿಯ ಎಂಜಿನ್, ಬ್ರೇಕ್ ಹಾಕಿಸುವ ಮುಂಚೆ ಇದನ್ನು ಓದಿ

ಹೋದ ವರ್ಷ ಹೈವೇಯಲ್ಲಿ, ದಾವಣಗೆರೆ ಪಕ್ಕದ ಆನಗೋಡು ಹತ್ತಿರ ನನ್ನ ಕಾರಿನ ಬ್ರೇಕ್ ಪೆಡಲು ಪೂರ್ತಿ ಒಳಗೆ ಹೋಗಿ ನೆಲ ಮುಟ್ಟಿತು. ಮುಂದೆ ಭತ್ತದ ಲಾರಿ. ಪಕ್ಕದಲ್ಲಿ ಅಮ್ಮ, ಹಿಂದೆ ಮಗಳು. ಗೇರ್ ಇಳಿಸಿ, ರಸ್ತೆ ಪಕ್ಕದ ಮಣ್ಣಿಗೆ ಗಾಡಿ ಎಳೆದೆ. ಒಂದು ಕಲ್ಲಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ಎರಡೂ ಚಕ್ರಗಳಿಂದ ಸುಟ್ಟ ವಾಸನೆ, ಹೊಗೆ. ಅಮ್ಮ ಅರ್ಧ ಗಂಟೆ ಮಾತೇ ಆಡಲಿಲ್ಲ.

ಕಾರು ಅಪ್ಪಾಜಿಯವರದು. 1970ರ ಫಿಯೆಟ್ 1100 ಡಿಲೈಟ್, ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಾಯಿತಲ್ಲ, ಅದೇ. ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, 1089 ಸಿಸಿ ಎಂಜಿನ್. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಂಬರು ಕೂಡ ಎಮ್‌ವೈ ಅಂತ ಶುರುವಾಗುತ್ತದೆ, ಮೈಸೂರು ರಾಜ್ಯದ ಕಾಲದ್ದು. ಅಪ್ಪಾಜಿ ಹೋದ ಮೇಲೆ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಓಡಿಸಬೇಕು ಅನ್ನೋ ಆಸೆ ನನಗೆ.

ಊರಿನ ಒಂದು ಗ್ಯಾರೇಜಿಗೆ ತೋರಿಸಿದೆ. 'ಈ ಎಂಜಿನ್ ಪಾರ್ಟ್ಸ್ ಸಿಗಲ್ಲ ಸರ್, ಜಿಪ್ಸಿ ಎಂಜಿನ್ ಕೂರಿಸಿ ಬಿಡ್ತೀನಿ. ಮುಂದಕ್ಕೆ ಮಾರುತಿ 800 ಡಿಸ್ಕ್ ಬ್ರೇಕ್ ಹಾಕೋಣ. ನೀವೇನೂ ತಲೆ ಕೆಡಿಸ್ಕೋಬೇಡ್ರಿ' ಅಂದರು. ಜಿಪ್ಸಿ ಅಂದರೆ ಮಾರುತಿಯ ಜೀಪು, ಅದರದು 1298 ಸಿಸಿ, ಶಕ್ತಿ ಜಾಸ್ತಿ. ಕೇಳೋಕೆ ಚೆನ್ನಾಗಿತ್ತು, ಒಪ್ಪಿಕೊಂಡೆ. ಹಳೇ ಎಂಜಿನ್ ಅವರೇ ಇಟ್ಟುಕೊಂಡು ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡಿದರು. ಅದಕ್ಕೂ ಹೂಂ ಅಂದೆ.

ಬ್ರೇಕ್ ಯಾಕೆ ಹೋಯಿತು ಅನ್ನೋದನ್ನು ಆಮೇಲೆ ಹರಿಹರದ ಒಬ್ಬ ಹಿರಿಯ ಮೇಸ್ತ್ರಿ ಬಿಚ್ಚಿ ತೋರಿಸಿದರು. ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಡಿಸ್ಕ್ ಹೊಸದು ಹಾಕಿದ್ದರು, ಆದರೆ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲು ತುಳಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ಒತ್ತುವ ಭಾಗ, ಮಾತ್ರ ಹಳೇ ಫಿಯೆಟ್‌ನದೇ ಬಿಟ್ಟಿದ್ದರು. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಪೆಡಲಿಂದ ಕಾಲು ತೆಗೆದ ಮೇಲೂ ಅದು ಪೈಪಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುತ್ತದೆ. ಡ್ರಮ್ಮಿನೊಳಗೆ ಸ್ಪ್ರಿಂಗ್ ಇರೋದರಿಂದ ಶೂಗಳು (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿಗಳು) ವಾಪಸ್ ಬರುತ್ತವೆ, ತೊಂದರೆ ಇಲ್ಲ. ಡಿಸ್ಕಿನಲ್ಲಿ ಹಾಗೆ ಎಳೆಯುವ ಸ್ಪ್ರಿಂಗ್ ಇಲ್ಲ. ಆ ಸ್ವಲ್ಪ ಒತ್ತಡಕ್ಕೇ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಅದಕ್ಕೆ ಅಂಟಿಕೊಂಡೇ ಇರುತ್ತದೆ. ಊರೊಳಗೆ ಗೊತ್ತಾಗಲ್ಲ. ಹೈವೇಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಉಜ್ಜುತ್ತಾ ಹೋದರೆ ಕಾದು ಕೆಂಡ. ಬ್ರೇಕ್ ಆಯಿಲ್ ಕುದಿಯುತ್ತದೆ, ಪೈಪಿನಲ್ಲಿ ಆವಿ ತುಂಬುತ್ತದೆ, ಆವಿಯನ್ನು ಎಷ್ಟು ತುಳಿದರೂ ಚಕ್ರ ಹಿಡಿಯಲ್ಲ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯೋದು 205 ಡಿಗ್ರಿ ದಾಟಿದ ಮೇಲೆ. ತೇವ ಎಳೆದುಕೊಂಡ ಹಳೇ ಆಯಿಲ್ 140ರ ಹತ್ತಿರವೇ ಕುದಿಯಬಹುದು. ನಮ್ಮ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಮುಂದೆ ಹೋದರೆ ಹಿಂದಿನದೂ ಹೋದಂತೆಯೇ.

ಅವತ್ತು ಗಾಡಿ ಯಾರೋ ಹಿಂದಕ್ಕೆ ಎಳೆದ ಹಾಗೆ ಭಾರವಾಗಿ ಓಡುತ್ತಿತ್ತು. ನಾನು ನಿಲ್ಲಿಸಿ ನೋಡಬೇಕಿತ್ತು. ನಿಮ್ಮ ಗಾಡಿ ಹಾಗೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ. ಇಳಿಜಾರು ಇಲ್ಲದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ತಳ್ಳಿ, ಸಲೀಸಾಗಿ ಉರುಳುತ್ತಾ ನೋಡಿ. ಚಕ್ರದ ಹತ್ತಿರ ಕೈ ಹಿಡಿದರೆ ಶಾಖ ಗೊತ್ತಾಗುತ್ತದೆ, ಮುಟ್ಟಬೇಡಿ.

ಬೇರೆ ಸಣ್ಣಪುಟ್ಟವೂ ಇದ್ದವು. ಸ್ಪೀಡೋಮೀಟರ್ ಸುಳ್ಳು ತೋರಿಸುತ್ತಿತ್ತು. ದೊಡ್ಡ ಹೆಡ್‌ಲೈಟ್ ಬಲ್ಬನ್ನು ರಿಲೇ (ಸ್ವಿಚ್ಚಿನ ಬದಲು ಜಾಸ್ತಿ ಕರೆಂಟ್ ಹೊರುವ ಭಾಗ) ಇಲ್ಲದೆ ಹಳೇ ಸ್ವಿಚ್ಚಿಗೇ ಕೊಟ್ಟಿದ್ದರು, ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿತ್ತು.

ಇನ್ನು ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ನಾವೇ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಎಂಜಿನ್ ಬದಲಿಸಬೇಕಾದರೆ ಮೊದಲೇ ಆರ್‌ಟಿಒ ಅನುಮತಿ ಬೇಕು. ನಮ್ಮ ಆರ್‌ಸಿಯಲ್ಲಿರುವ ಎಂಜಿನ್ ನಂಬರಿಗೂ ಗಾಡಿಯಲ್ಲಿರುವ ಎಂಜಿನ್ನಿಗೂ ಈಗ ಸಂಬಂಧವೇ ಇಲ್ಲ. ಗ್ಯಾರೇಜಿನವರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ನನಗೆ ಜಾಸ್ತಿ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸುವ ನಿಯಮ 2021ರಲ್ಲಿ ಬಂತು. ನಂಬರಿನಲ್ಲಿ ವಿಎ ಅಂತ ಬರುತ್ತದೆ, 20,000 ರೂಪಾಯಿ ಶುಲ್ಕ, ಹತ್ತು ವರ್ಷ ನಡೆಯುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ಅಪ್ಪಾಜಿಯ ಗಾಡಿಗೆ ವಯಸ್ಸಾಗಿತ್ತು, ಅರ್ಹತೆಯೂ ಇತ್ತು. ಅದನ್ನು ನಾನೇ ದುಡ್ಡು ಕೊಟ್ಟು ಕಳೆದೆ.

ಎಂಜಿನ್ ವಾಪಸ್ ಕೇಳೋಕೆ ಹೋದಾಗ 'ಅದು ಗುಜರಿಗೆ ಹೋಗಿ ತಿಂಗಳಾಯ್ತು ಸರ್' ಅಂದರು. ತೂಕಕ್ಕೆ ಮಾರಿದ್ದರು. ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟೇ: ಬಿಚ್ಚಿದ ಒಂದು ಬೋಲ್ಟನ್ನೂ ಗ್ಯಾರೇಜಿನಲ್ಲಿ ಬಿಡಬೇಡಿ. ಚೀಲಕ್ಕೆ ಹಾಕಿ, ಹೆಸರು ಬರೆದು ಮನೆಗೆ ತನ್ನಿ. ಏನೇನು ಬದಲಿಸುತ್ತಾರೆ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಬ್ರೇಕ್ ಮುಟ್ಟುವುದಾದರೆ ಮಾಸ್ಟರ್ ಸಿಲಿಂಡರ್ ಯಾವುದು ಹಾಕುತ್ತೀರಿ ಅಂತ ಮೊದಲು ಕೇಳಿ, ಸರಿಯಾಗಿ ಹೇಳದಿದ್ದರೆ ಗಾಡಿ ವಾಪಸ್ ತನ್ನಿ.

ಈಗ ಮುಂದಕ್ಕೆ ಮತ್ತೆ ಡ್ರಮ್ ಹಾಕಿಸಿದ್ದೇನೆ. ಗಾಡಿ ಶೆಡ್ಡಿನಲ್ಲಿದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತೇನೆ, ಜಿಪ್ಸಿಯ ಸದ್ದೇ ಬರುತ್ತದೆ.